ಕಾವು ಕೂರಿಸುತ್ತಾ ಮೊಟ್ಟೆ ಬಗ್ಗೆ ತಿಳಿದುಕೊಂಡದ್ದು

ಮೊಟ್ಟೆ ವಿಚಾರ ಬಂದಾಗ ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು: ಮೊಟ್ಟೆ ಉಸಿರಾಡುತ್ತದೆ. ಒಂದು ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 7,000ದಿಂದ 17,000ದವರೆಗೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅವುಗಳ ಮೂಲಕವೇ ಗಾಳಿ ಒಳಗೆ ಹೋಗುವುದು, ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ನಾಟಿ ಕೋಳಿ ಸಾಕಿಕೊಂಡು, ಪ್ರತಿ ವರ್ಷ ಹೇಂಟೆಗಳನ್ನು ಕಾವಿಗೆ ಕೂರಿಸುತ್ತಾ ಬಂದವಳು ನಾನು. ಕಾವಿನ ಕೆಲಸ, ಅಡುಗೆಮನೆಯ ಮೊಟ್ಟೆ, ಗದ್ದೆ ಬಯಲಿನ ಹಕ್ಕಿಗಳ ಮೊಟ್ಟೆ ಎಲ್ಲವೂ ನನಗೆ ಅರ್ಥವಾಗುತ್ತಾ ಹೋದದ್ದು ಈ ಒಂದು ಸಂಗತಿ ಹಿಡಿದುಕೊಂಡೇ.

ಹೇಂಟೆ ಕಾವಿಗೆ ಬಂದದ್ದು ದೂರದಿಂದಲೇ ಗೊತ್ತಾಗುತ್ತದೆ. ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಗರಿ ಉಬ್ಬಿಸಿ ಗುರ್ರ್ ಅನ್ನುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ಎತ್ತಿ ನೋಡಿದರೆ ಎದೆ ಕೆಳಗಿನ ಗರಿ ಉದುರಿ ಬೋಳಾಗಿರುತ್ತದೆ, ಮುಟ್ಟಿದರೆ ಬಿಸಿ. ಗರಿ ಅಡ್ಡ ಇಲ್ಲದೆ ಮೈಬಿಸಿ ನೇರವಾಗಿ ಮೊಟ್ಟೆಗೆ ತಾಗಲಿ ಅಂತಲೇ ಈ ಏರ್ಪಾಡು. ವರ್ಷಕ್ಕೆ 300 ಮೊಟ್ಟೆ ಇಡುವ ಫಾರಂ ಲೆಗಾರ್ನ್ ಕೋಳಿಗೆ ಈ ಗುಣ ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಹಾಗಾಗಿ ಕಾವಿಗೆ ಕೂರದವುಗಳನ್ನೇ ಆರಿಸಿ ಆರಿಸಿ ತಳಿ ಮಾಡಿದ್ದಾರೆ. ನಾಟಿ ಕೋಳಿ ವರ್ಷಕ್ಕೆ 60–80 ಮೊಟ್ಟೆ ಇಟ್ಟರೆ ಹೆಚ್ಚು. ಆದರೆ ಮರಿ ಮಾಡುವ ಬುದ್ಧಿ ಅದಕ್ಕಿದೆ, ನನಗೆ ಬೇಕಾದದ್ದೂ ಅದೇ.

ಹೇಂಟೆ ಒಂದೇ ದಿನ ಅಷ್ಟೂ ಮೊಟ್ಟೆ ಇಡುವುದಿಲ್ಲ. ಒಂದು ಮೊಟ್ಟೆ ಹೊಟ್ಟೆಯಲ್ಲಿ ತಯಾರಾಗುವುದಕ್ಕೇ ಸುಮಾರು 25 ಗಂಟೆ ಬೇಕು, ಅದರಲ್ಲಿ 20 ಗಂಟೆ ಬರೀ ಚಿಪ್ಪು ಕಟ್ಟುವುದಕ್ಕೆ. ಅದಕ್ಕೇ ಇವತ್ತು ಬೆಳಿಗ್ಗೆ ಇಟ್ಟ ಕೋಳಿ ನಾಳೆ ಸ್ವಲ್ಪ ತಡವಾಗಿ, ನಾಡಿದ್ದು ಇನ್ನೂ ತಡವಾಗಿ ಇಟ್ಟು, ಆಮೇಲೆ ಒಂದು ದಿನ ಬಿಡುತ್ತದೆ. ಹೀಗೆ ದಿನಗಟ್ಟಲೆ ಕೂಡಿಟ್ಟ ಮೊಟ್ಟೆಗಳೆಲ್ಲ ಒಂದೇ ದಿನ ಒಡೆದು ಮರಿಯಾಗುವುದು ಹೇಗೆ? ತಣ್ಣಗಿರುವ ಮೊಟ್ಟೆಯಲ್ಲಿ ಭ್ರೂಣ ಬೆಳೆಯದೆ ಸುಮ್ಮನಿರುತ್ತದೆ. ಸುಮಾರು 20 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ಪೂರ್ತಿ ನಿಂತಿರುತ್ತದೆ. ತಾಯಿ ಕಾವು ಕೊಡಲು ಕೂತ ದಿನವೇ ಅವೆಲ್ಲಕ್ಕೂ ಮೊದಲ ದಿನ.

ಇದು ಗೊತ್ತಿದ್ದರೆ ಮೊಟ್ಟೆ ಎಲ್ಲಿಡಬೇಕು ಅನ್ನುವುದೂ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಲೆ ಪಕ್ಕದ ಗೂಡಿನಲ್ಲೋ ಹೆಂಚಿನ ಕೆಳಗಿನ ಅಟ್ಟದಲ್ಲೋ ಇಟ್ಟರೆ ಬೆಳವಣಿಗೆ ಅರೆಬರೆ ಶುರುವಾಗಿ, ಕಾವಿಗೆ ಕೂರಿಸುವ ಮೊದಲೇ ಭ್ರೂಣ ಸತ್ತಿರುತ್ತದೆ. ನಾನು ಅಗಲ ಬಾಯಿಯ ಮಣ್ಣಿನ ಮಡಕೆಗೆ ಒದ್ದೆ ಮರಳು ತುಂಬಿ, ಮೇಲೆ ಒಣಬಟ್ಟೆ ಹಾಸಿ, ಕತ್ತಲೆ ಮೂಲೆಯಲ್ಲಿ ಇಡುತ್ತೇನೆ. ಚೂಪು ತುದಿ ಕೆಳಗೆ, ದುಂಡು ತುದಿ ಮೇಲೆ. ವಾರದೊಳಗಿನ ಮೊಟ್ಟೆಯಾದರೆ ಉತ್ತಮ, ಹತ್ತು ದಿನ ದಾಟಿದ್ದನ್ನು ಸಾರಿಗೆ ಹಾಕುತ್ತೇನೆ.

ಕಾವಿಗಿಡುವ ಮೊಟ್ಟೆಯನ್ನು ತೊಳೆಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೊಟ್ಟೆ ಹೊರಗೆ ಬರುವಾಗ ಅದರ ಮೇಲೆ ತೆಳುವಾದ ಒಂದು ಲೇಪ ಇರುತ್ತದೆ. ಗಳಿಗೆಯಲ್ಲಿ ಒಣಗಿ ರಂಧ್ರಗಳ ಬಾಯಿ ಕಟ್ಟಿ ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ. ತೊಳೆದರೆ ಆ ಲೇಪ ಹೋಗುತ್ತದೆ. ಅಮೆರಿಕದಲ್ಲಿ ಅಂಗಡಿಗೆ ಬರುವ ಮೊಟ್ಟೆಯನ್ನು ತೊಳೆದೇ ಮಾರುತ್ತಾರೆ, ಆದ್ದರಿಂದ ಅಲ್ಲಿ ಫ್ರಿಜ್ಜಿನಲ್ಲಿ ಇಡಲೇಬೇಕು. ಯುರೋಪಿನ ಹೆಚ್ಚಿನ ಕಡೆ ತೊಳೆಯದೆ ಮಾರುತ್ತಾರೆ, ಅಂಗಡಿಯಲ್ಲಿ ಹೊರಗೇ ಜೋಡಿಸಿರುತ್ತಾರೆ. ನಮ್ಮ ಒಡ್ಡಿಯಲ್ಲಿ ಗಲೀಜಾದ ಮೊಟ್ಟೆ ಸಿಕ್ಕರೆ ಅದು ಅಡುಗೆಗೆ. ಸ್ವಲ್ಪವೇ ಮಣ್ಣು ಹತ್ತಿದ್ದರೆ ಒಣಬಟ್ಟೆಯಲ್ಲಿ ಉಜ್ಜಿದರೆ ಸಾಕು.

ನಮ್ಮಜ್ಜಿ ಕಾವಿನ ಕುಕ್ಕೆಯಲ್ಲಿ ಹುಲ್ಲಿನ ಕೆಳಗೆ ಒಂದು ಚೂರು ಕಬ್ಬಿಣ, ಒಂದೆರಡು ಇದ್ದಿಲು, ಒಣಮೆಣಸಿನಕಾಯಿ ಇಡುತ್ತಿದ್ದರು. ಗುಡುಗಿಗೆ ಮೊಟ್ಟೆ ಕೆಡುತ್ತದೆ, ಇದಿದ್ದರೆ ಕೆಡುವುದಿಲ್ಲ ಎಂದು. ಮೊಟ್ಟೆಯ ಲೆಕ್ಕ ಬೆಸ ಸಂಖ್ಯೆಯೇ ಆಗಬೇಕಿತ್ತು. ಗುಡುಗಿಗೂ ಮೊಟ್ಟೆಗೂ ಸಂಬಂಧ ನನಗೆ ಕಂಡಿಲ್ಲ. ಆದರೆ ಗುಡುಗು ಮಳೆ ಹಿಡಿದ ದಿನಗಳಲ್ಲಿ ಕಾವು ಕೆಡುವುದು ನಿಜ. ಹುಲ್ಲು ಒದ್ದೆಯಾಗಿ ಬೂಷ್ಟು ಹಿಡಿದರೆ ಅದು ಚಿಪ್ಪಿನ ರಂಧ್ರದಿಂದ ಒಳಗೆ ಇಳಿಯುತ್ತದೆ. ಹೆದರಿದ ಹೇಂಟೆ ಗೂಡು ಬಿಟ್ಟು ತುಂಬ ಹೊತ್ತು ಹೊರಗಿದ್ದರೆ ಮೊಟ್ಟೆ ಆರಿಹೋಗುತ್ತದೆ. ಇದ್ದಿಲು ತೇವ ಹೀರುತ್ತದೆ ಅನ್ನುವ ಕಾರಣಕ್ಕೆ ನಾನೂ ಇಡುತ್ತೇನೆ. ಸಾಮಾನ್ಯ ಗಾತ್ರದ ನಾಟಿ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸರಿ. ಹೆಚ್ಚಿಟ್ಟರೆ ಅಂಚಿನವಕ್ಕೆ ಕಾವು ಸಿಗುವುದಿಲ್ಲ.

ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡುವುದು ನನಗೆ ತುಂಬಾ ಇಷ್ಟದ ಕೆಲಸ. ಕೋಣೆ ಕತ್ತಲಿರಬೇಕು. ಹೇಂಟೆಯ ಕೆಳಗೆ ಕೈ ಹಾಕಿ ಒಂದೊಂದೇ ಮೊಟ್ಟೆ ತೆಗೆದು, ದುಂಡು ತುದಿಯನ್ನು ಟಾರ್ಚಿನ ಬಾಯಿಗೆ ಇಟ್ಟು, ಬೆಳಕು ಪಕ್ಕಕ್ಕೆ ಸೋರದಂತೆ ಬೆರಳಿನಿಂದ ಸುತ್ತ ಮುಚ್ಚುತ್ತೇನೆ. ಮೊಟ್ಟೆ ಇಡೀ ಕೆಂಪಗೆ ಬೆಳಗುತ್ತದೆ. ಒಳಗೆ ಮರಿ ಕಟ್ಟಿದ್ದರೆ ಅರಳಿ ಎಲೆಯ ನರಗಳ ಹಾಗೆ ರಕ್ತನಾಳಗಳು ಹರಡಿಕೊಂಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ. ಅದು ಮರಿಯ ಕಣ್ಣು. ಕೈ ಅಲ್ಲಾಡಿಸದೆ ಹಿಡಿದುಕೊಂಡರೆ ಆ ಚುಕ್ಕೆ ತಾನಾಗಿ ಮಿಸುಕುವುದು ಕಾಣುತ್ತದೆ. ಅಷ್ಟರಲ್ಲಿ ಅದರ ಹೃದಯ ಬಡಿಯಲು ಶುರುವಾಗಿ ಐದು ದಿನವಾಗಿರುತ್ತದೆ, ಎರಡನೇ ದಿನ ಮುಗಿಯುವ ಮೊದಲೇ ಅದು ಶುರು. ನರವೇ ಕಾಣದೆ ಬರೀ ತಿಳಿಯಾಗಿ ಬೆಳಗಿದರೆ ಹುಂಜ ಸೇರದ ಮೊಟ್ಟೆ. ರಕ್ತ ಒಂದು ಉಂಗುರದಂತೆ ಕಟ್ಟಿ ನಿಂತಿದ್ದರೆ ಶುರುವಾಗಿ ಸತ್ತದ್ದು. ಎರಡನ್ನೂ ಆವತ್ತೇ ತೆಗೆದುಬಿಡಬೇಕು. ಕೊಳೆತ ಮೊಟ್ಟೆ ಒಡೆದರೆ ಪಕ್ಕದ ಒಳ್ಳೆಯವೂ ಹಾಳು.

ದುಂಡು ತುದಿಯಲ್ಲಿ ಒಂದು ಖಾಲಿ ಜಾಗವೂ ಕಾಣುತ್ತದೆ. ಅದು ಗಾಳಿಗೂಡು. ಮೊಟ್ಟೆ ಇಟ್ಟಾಗ ಬಿಸಿ ಇರುತ್ತದೆ, ಆರುತ್ತಾ ಒಳಗಿನದು ಕುಗ್ಗಿದಾಗ ಎರಡು ಪೊರೆಗಳ ನಡುವೆ ಗಾಳಿ ಸೇರಿಕೊಳ್ಳುತ್ತದೆ. ದಿನ ಕಳೆದಂತೆ ತೇವ ಹೊರಗೆ ಹೋಗಿ ಅದು ದೊಡ್ಡದಾಗುತ್ತದೆ. ಕಾವು ಮುಗಿಯುವ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ ಸುಮಾರು 12ರಷ್ಟು ಕಳೆದುಕೊಂಡಿರುತ್ತದೆ.

ತಾಯಿ ಸುಮ್ಮನೆ ಕೂತಂತೆ ಕಂಡರೂ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ ತರುತ್ತದೆ. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಹ್ಯಾಚರಿಗಳಲ್ಲಿ ಇದೇ ಕೆಲಸವನ್ನು ಮೆಷಿನ್ನು ಮಾಡುತ್ತದೆ: ಸುಮಾರು 37.5 ಡಿಗ್ರಿ ಬಿಸಿ, ಗಾಳಿಯಲ್ಲಿ ಹದವಾದ ತೇವ, 18ನೇ ದಿನದವರೆಗೆ ಹೊರಳಿಸುವುದು, ಆಮೇಲೆ ನಿಲ್ಲಿಸುವುದು.

ನಿಲ್ಲಿಸುವುದು ಯಾಕೆಂದರೆ ಕೊನೆಯ ಮೂರು ದಿನ ಮರಿ ತನ್ನ ಜಾಗ ಹಿಡಿಯುತ್ತದೆ. ತಲೆಯನ್ನು ದುಂಡು ತುದಿಗೆ ತಂದು, ಪೊರೆ ತೂತು ಮಾಡಿ ಗಾಳಿಗೂಡಿಗೆ ಕೊಕ್ಕು ಹಾಕಿ ಮೊದಲ ಉಸಿರು ತೆಗೆದುಕೊಳ್ಳುತ್ತದೆ. ಆವಾಗಿನಿಂದ ಮೊಟ್ಟೆಯೊಳಗಿಂದಲೇ ಚಿಂವ್ ಚಿಂವ್ ಕೇಳುತ್ತದೆ. ಹೇಂಟೆ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತದೆ. ಕೊಕ್ಕಿನ ತುದಿಯಲ್ಲಿ ಒಂದು ಗಟ್ಟಿ ಮುಳ್ಳು ಇರುತ್ತದೆ, ಚಿಪ್ಪು ಒಡೆಯುವುದಕ್ಕೆಂದೇ ಇರುವುದು, ಹುಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಮೊದಲ ಬಿರುಕು ಬಿದ್ದ ಮೇಲೆ ಮರಿ ಹೊರಗೆ ಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯುವುದು ಮಾಮೂಲು. ನೋಡುವವರಿಗೆ ಸಂಕಟವಾಗಿ ಚಿಪ್ಪು ಬಿಡಿಸಿಕೊಡೋಣ ಅನ್ನಿಸುತ್ತದೆ. ನಮ್ಮ ಮನೆಯ ಮಕ್ಕಳಿಗೂ ಅದೇ ಆಸೆ. ಬೇಡ. ಆ ಹೊತ್ತಿನಲ್ಲಿ ಪೊರೆಯ ನಾಳಗಳಿಂದ ರಕ್ತ ಮರಿಯ ಮೈಗೆ ಹೋಗುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಅವಸರಕ್ಕೆ ಬಿಡಿಸಿದರೆ ರಕ್ತ ಸೋರಿ ಮರಿ ಉಳಿಯುವುದಿಲ್ಲ. ಒಳಗೆ ಸೇರಿದ ಆ ಹಳದಿಯೇ ಎರಡು ಮೂರು ದಿನಕ್ಕೆ ಬುತ್ತಿ. ಹಾಗಾಗಿಯೇ ಒಂದು ದಿನದ ಮರಿಗಳನ್ನು ಬಾಕ್ಸಿನಲ್ಲಿಟ್ಟು ಊರಿಂದೂರಿಗೆ ಕಳಿಸಲು ಸಾಧ್ಯ. 21 ದಿನಕ್ಕೆ ಕೋಳಿಮರಿ, 28ಕ್ಕೆ ಬಾತು, 17–18ಕ್ಕೆ ಕೌಜುಗ. ಕೋಳಿಯ ಕೆಳಗೆ ಬಾತುಮೊಟ್ಟೆ ಕೂರಿಸುವವರು ಈ ಲೆಕ್ಕ ನೆನಪಿಡಬೇಕು.

ಉದ್ದ ಮೊಟ್ಟೆ ಹುಂಜ, ದುಂಡು ಮೊಟ್ಟೆ ಹೇಂಟೆ ಎಂದು ಸಂತೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಹಾಗೇನಿಲ್ಲ. ಮೊಟ್ಟೆಯ ಆಕಾರ ತಾಯಿಯ ಮೈಕಟ್ಟಿನಿಂದ ಬರುತ್ತದೆ. ಒಂದು ಹೇಂಟೆ ಇಡುವುದೆಲ್ಲ ಬಹುಮಟ್ಟಿಗೆ ಒಂದೇ ಆಕಾರದ್ದು.

ಅಡುಗೆಮನೆಗೆ ಬಂದರೂ ಅದೇ ರಂಧ್ರಗಳ ಕತೆ. ನೀರಿಗೆ ಬಿಟ್ಟಾಗ ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ, ಹಳತಾದದ್ದು ದುಂಡು ತುದಿ ಮೇಲೆತ್ತಿ ನಿಲ್ಲುತ್ತದೆ, ತೀರ ಹಳೆಯದು ತೇಲುತ್ತದೆ. ಗಾಳಿಗೂಡು ದೊಡ್ಡದಾದದ್ದರ ಲೆಕ್ಕ ಅಷ್ಟೆ. ಆವತ್ತೇ ಇಟ್ಟ ಮೊಟ್ಟೆ ಬೇಯಿಸಿದರೆ ಸಿಪ್ಪೆ ಬಿಡದೆ ಬಿಳಿಭಾಗವನ್ನೂ ಕಿತ್ತುಕೊಂಡು ಬರುತ್ತದೆ. ಒಳಗಿನ ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಗೆ ಹೋಗಿರುವುದಿಲ್ಲ, ಹಾಗಾಗಿ ಬಿಳಿಲೋಳೆ ಪೊರೆಗೆ ಕಚ್ಚಿಕೊಂಡಿರುತ್ತದೆ. ನೆಂಟರು ಬರುತ್ತಾರೆ, ಮೊಟ್ಟೆ ಸಾರು ಮಾಡಬೇಕು ಅಂದರೆ ನಾನು ವಾರದ ಹಿಂದಿನವನ್ನು ಆರಿಸುತ್ತೇನೆ. ಹೆಚ್ಚು ಹೊತ್ತು ಕುದಿಸಿದರೆ ಹಳದಿಯ ಸುತ್ತ ಹಸಿರು ಗೆರೆ ಬರುತ್ತದಲ್ಲ, ಅದು ಬಿಳಿಯ ಗಂಧಕ ಮತ್ತು ಹಳದಿಯ ಕಬ್ಬಿಣ ಸೇರಿ ಆದದ್ದು. ತಿಂದರೆ ಏನೂ ಆಗುವುದಿಲ್ಲ. ಕುದಿ ಮುಗಿದ ಕೂಡಲೇ ತಣ್ಣೀರಿಗೆ ಹಾಕಿದರೆ ಆ ಗೆರೆ ಬರುವುದಿಲ್ಲ.

ಕಂದು ಚಿಪ್ಪಿನ ಮೊಟ್ಟೆಗೆ ಪೇಟೆಯಲ್ಲಿ ಹೆಚ್ಚು ಬೆಲೆ. ಚಿಪ್ಪಿನ ಬಣ್ಣ ತಳಿಯದ್ದು, ಅದಕ್ಕೂ ಒಳಗಿನ ಸತ್ವಕ್ಕೂ ಸಂಬಂಧವಿಲ್ಲ. ಕಂದು ಮೊಟ್ಟೆಯ ಚಿಪ್ಪನ್ನು ಒಳಗಡೆಯಿಂದ ನೋಡಿ, ಬೆಳ್ಳಗಿರುತ್ತದೆ. ಬಣ್ಣ ಹಚ್ಚುವುದು ಕೊನೆಯ ಹಂತದಲ್ಲಿ. ಹಳದಿಯ ಬಣ್ಣ ಮಾತ್ರ ಮೇವಿನಿಂದ ಬರುತ್ತದೆ. ತೋಟದಲ್ಲಿ ಹಸಿರು, ಹುಳುಹುಪ್ಪಟೆ ತಿನ್ನುವ ನಮ್ಮ ಕೋಳಿಗಳ ಹಳದಿ ಕೇಸರಿಗೆ ತಿರುಗಿರುತ್ತದೆ. ಫಾರಂನಲ್ಲಿ ಮೆಕ್ಕೆಜೋಳ, ಚೆಂಡುಹೂವಿನ ಸಾರ ಹಾಕಿಯೂ ಅದೇ ಬಣ್ಣ ತರಬಹುದು.

ಮೈನೆರೆದ ಹುಡುಗಿಗೆ, ಬಾಣಂತಿಗೆ ನಾಟಿ ಮೊಟ್ಟೆಯನ್ನು ಹಸಿಯಾಗಿಯೇ ಕುಡಿಸುವ ರೂಢಿ ನಮ್ಮ ಕಡೆ ಇದೆ. ಹಿಂದಿರುವ ಪ್ರೀತಿ ದೊಡ್ಡದು, ಆದರೆ ನಾನು ಬೇಯಿಸಿಯೇ ಕೊಡುತ್ತೇನೆ. ಬೇಯಿಸಿದ ಮೊಟ್ಟೆಯ ಪ್ರೊಟೀನಿನಲ್ಲಿ ನೂರಕ್ಕೆ ಸುಮಾರು 90 ಭಾಗ ಮೈಗೆ ಹತ್ತುತ್ತದೆ, ಹಸಿಯದ್ದರಲ್ಲಿ ಸುಮಾರು ಅರ್ಧ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯ ಬೇರೆ.

ಕೋಳಿಯಿಂದ ಕಲಿತದ್ದನ್ನು ಹಿಡಿದುಕೊಂಡು ಹೊರಗಿನ ಮೊಟ್ಟೆಗಳನ್ನು ನೋಡಿದಾಗಲೇ ನನಗೆ ನಿಜವಾದ ಆಶ್ಚರ್ಯ ಶುರುವಾದದ್ದು. ಕೊಯ್ಲಾದ ಗದ್ದೆಯಲ್ಲಿ ಟಿಟ್ಟಿಭ ಬರೀ ನೆಲದ ಮೇಲೆ, ಮಣ್ಣಿನ ಹೆಂಟೆ, ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಡುತ್ತದೆ, ಚೂಪು ತುದಿಗಳೆಲ್ಲ ಒಳಮುಖ. ಎರಡು ಮಾರು ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ. ಅದರ ಕಷ್ಟ ಬಿಸಿ ಕೊಡುವುದಲ್ಲ, ಮಾರ್ಚ್ ಬಿಸಿಲಿಂದ ಮೊಟ್ಟೆ ಕಾಪಾಡುವುದು. ನಡುಹಗಲು ಕೆರೆಗೆ ಹೋಗಿ ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಕೋಗಿಲೆ ಕಾವಿಗೇ ಕೂರುವುದಿಲ್ಲ, ಕಾಗೆಯ ಗೂಡಿನಲ್ಲಿ ಇಟ್ಟುಬಿಡುತ್ತದೆ. ಕೋಗಿಲೆ ಮರಿ ಕಾಗೆಮರಿಗಿಂತ ಕೆಲವು ದಿನ ಮೊದಲೇ ಹೊರಗೆ ಬಂದು ತುತ್ತಿಗೆ ಬಾಯಿ ತೆರೆಯುತ್ತದೆ. ನಮ್ಮ ಆಗುಂಬೆ ಕಾಡಿನ ಕಾಳಿಂಗ ಸರ್ಪ ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಹಾಕಿ ಗೂಡು ಕಟ್ಟುತ್ತದೆ. ಎಲೆ ಗುಡ್ಡೆ ಮಾಡಿ ಹೀಗೆ ಗೂಡು ಕಟ್ಟುವ ಹಾವು ಜಗತ್ತಿನಲ್ಲಿ ಇದೊಂದೇ. ಮೇಲಿನ ಎಲೆಗಳು ಮಳೆ ನೀರು ಇಳಿಯದಂತೆ ತಡೆಯುತ್ತವೆ, ಕೆಳಗೆ ಮೊಟ್ಟೆಗಳಿಗೆ ಬೇಕಾದ ಬಿಸಿ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಕಡಲಾಮೆ. ಹೊನ್ನಾವರದ ಕಾಸರಕೋಡು ಟೊಂಕದ ಕಡಲತೀರದಲ್ಲಿ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಬಂದು ಮರಳು ತೋಡಿ ಒಂದೊಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ ಇಟ್ಟು, ಮುಚ್ಚಿ, ಕಡಲಿಗೆ ವಾಪಸ್ಸಾಗುತ್ತವೆ. ಚಿಪ್ಪು ಕೋಳಿಯದರಂತೆ ಗಟ್ಟಿ ಇಲ್ಲ, ಒತ್ತಿದರೆ ತಗ್ಗುತ್ತದೆ. ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ: ತಂಪಾಗಿದ್ದರೆ ಗಂಡು, 31 ಡಿಗ್ರಿ ದಾಟಿದರೆ ಹೆಚ್ಚಾಗಿ ಹೆಣ್ಣು. ರಂಗನತಿಟ್ಟಿನ ಮೊಸಳೆಗಳಲ್ಲೂ ಮರಿ ಗಂಡೋ ಹೆಣ್ಣೋ ಅನ್ನುವುದು ಗೂಡಿನ ಬಿಸಿಯ ಮೇಲೆಯೇ. ಅಲೆ ಬಡಿಯುವ ಜಾಗದ ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ಸಾಗಿಸುತ್ತಿದ್ದ ಮೀನುಗಾರರೊಬ್ಬರ ಹತ್ತಿರ ಮಾತಾಡುತ್ತಾ, ಕೋಳಿಮೊಟ್ಟೆಯ ಅಭ್ಯಾಸಬಲದಿಂದ, ಇವನ್ನು ದಿನಾ ಹೊರಳಿಸುತ್ತೀರಾ ಎಂದು ಕೇಳಿದೆ. "ಇಲ್ಲ ಅಕ್ಕ, ಹೊರಳಿಸಿದ್ರೆ ಸತ್ತೇಹೋಯ್ತು. ಮೇಲಿದ್ದದ್ದು ಮೇಲೇ ಇರ್ಬೇಕು" ಅಂದರು. ಆಮೆಯ ಮೊಟ್ಟೆಯಲ್ಲಿ ಭ್ರೂಣ ಮೊದಲ ದಿನದೊಳಗೇ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಹಾಗೆ ಅಂಟಿಕೊಂಡೇ ಬೆಳೆಯುತ್ತದೆ. ಕೋಳಿಮೊಟ್ಟೆಯಲ್ಲಿ ಸಾವಿಗೆ ಕಾರಣವಾಗುವುದು ಆಮೆಮೊಟ್ಟೆಯಲ್ಲಿ ಬದುಕಿಗೆ ಬೇಕೇಬೇಕು. ಆದ್ದರಿಂದ ಕಡಲತೀರದಲ್ಲಿ ನಿಮಗೆ ಆಮೆಮೊಟ್ಟೆ ಕಂಡರೆ ಕುತೂಹಲಕ್ಕೂ ಎತ್ತಿ ನೋಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವಕ್ಕಿದೆ. ಜಾಗ ಗುರುತಿಟ್ಟುಕೊಂಡು, ನಾಯಿಗಳು ಬಾರದಂತೆ ನೋಡಿಕೊಂಡು, ಹತ್ತಿರದ ಅರಣ್ಯ ಇಲಾಖೆಯವರಿಗೆ ತಿಳಿಸಿ.