ಹೊಸ ಬ್ಯಾಟರಿ ಹಾಕಿದ ಮೇಲೆ ಲೈಟ್ ಉರಿಯುತ್ತಿದೆಯೇ? ಮೊದಲು ಸ್ಪ್ಯಾನರ್ ಹಿಡಿಯಿರಿ

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯವರು ಕಾರಿಗೆ ಹೊಸ ಬ್ಯಾಟರಿ ಹಾಕಿಸಿದರು. ಮನೆ ಮುಟ್ಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ಲೈಟ್ ಹತ್ತಿಕೊಂಡಿತ್ತು. ಗ್ಯಾರೇಜಿನಲ್ಲಿ ಚಕ್ರದ ಸೆನ್ಸರ್ ಹೋಗಿದೆ ಅಂದರು, ಹೊಸದು ಹಾಕಿದರು, ದುಡ್ಡು ತೆಗೆದುಕೊಂಡರು. ಲೈಟ್ ಮಾತ್ರ ಆರಲಿಲ್ಲ. ನಾನು ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ಕ್ಲ್ಯಾಂಪ್, ಅಂದರೆ ವೈರನ್ನು ಬ್ಯಾಟರಿಯ ಕಂಬಕ್ಕೆ ಬಿಗಿಯುವ ಹಿಡಿಕೆ, ಹಿಡಿದು ತಿರುಗಿಸಿದೆ. ಬಾಟಲಿ ಮುಚ್ಚಳದ ಹಾಗೆ ಸಲೀಸಾಗಿ ತಿರುಗಿತು. ಇಂಥದ್ದನ್ನು ಅದಕ್ಕೂ ಮೊದಲು ಎಷ್ಟೋ ಸಲ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಲೈಟ್, ಯಾವ ಬಣ್ಣ

ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಳದಿ ಲೈಟಾದರೆ ಗಾಬರಿ ಬೇಡ, ಕೆಳಗಿನ ಕ್ರಮದಲ್ಲಿ ಹೋಗಿ. ಕೆಂಪು ಬ್ಯಾಟರಿ ಚಿತ್ರ ಉರಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ, ದೂರ ಹೊರಡಬೇಡಿ. ಏರ್‌ಬ್ಯಾಗ್ ಲೈಟಾದರೆ ಏರ್‌ಬ್ಯಾಗ್ ವೈರುಗಳ ಹಳದಿ ಕನೆಕ್ಟರ್‌ಗಳಿಗೆ ಕೈ ಹಾಕಲೇಬೇಡಿ, ವರ್ಕ್‌ಶಾಪಿಗೆ ಬಿಡಿ.

ಟರ್ಮಿನಲ್: ಎಲ್ಲರೂ ಎಡವುವುದು ಇಲ್ಲೇ

ಸ್ಟಾರ್ಟರ್ ಮೋಟರ್ ಒಂದು ಸಲ ತಿರುಗಲು ನೂರು ಆಂಪಿಯರಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಕ್ಲ್ಯಾಂಪ್ ಸ್ವಲ್ಪ ಸಡಿಲವಿದ್ದರೂ ಆ ಕ್ಷಣದಲ್ಲಿ ವೋಲ್ಟೇಜ್ ದಬಕ್ಕನೆ ಬೀಳುತ್ತದೆ. ಎಂಜಿನ್ ಹೇಗೋ ಸ್ಟಾರ್ಟ್ ಆಗುತ್ತದೆ. ಆದರೆ ಎಬಿಎಸ್, ಪವರ್ ಸ್ಟೀರಿಂಗ್, ಎಂಜಿನ್ ಕಂಟ್ರೋಲ್ ಡಬ್ಬಿಗಳು (ಕಾರಿನೊಳಗಿನ ಪುಟ್ಟ ಕಂಪ್ಯೂಟರ್‌ಗಳು) ಆ ಕುಸಿತವನ್ನು ದೋಷ ಎಂದು ಬರೆದುಕೊಂಡು ಲೈಟ್ ಹಚ್ಚುತ್ತವೆ. ಸೆನ್ಸರಿನ ತಪ್ಪೇನೂ ಇರುವುದಿಲ್ಲ.

ಕೀ ತೆಗೆದು ಐದು ನಿಮಿಷ ಬಿಡಿ. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಮೈನಸ್ ಇನ್ನೂ ಇರುವಾಗ ಪ್ಲಸ್ ಮೇಲಿನ ಸ್ಪ್ಯಾನರ್ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ, ಕೈ ಸುಡುತ್ತದೆ.

ಬ್ಯಾಟರಿ ಹೊಸದು, ಆದರೆ ಕ್ಲ್ಯಾಂಪ್ ಹಳೆಯದು ಅಲ್ವಾ? ಅದರ ಒಳಗೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕೂತಿರುತ್ತದೆ. ಕೈಗವಸು ಹಾಕಿಕೊಂಡು, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒರೆಸಿ ಒಣಗಿಸಿ, ಕ್ಲ್ಯಾಂಪಿನ ಒಳಮೈ ಹೊಳೆಯುವ ತನಕ ಮರಳು ಕಾಗದ ಆಡಿಸಿ.

ಬ್ಯಾಟರಿಯ ಕಂಬ ಮೇಲೆ ಸಣ್ಣ, ಬುಡದಲ್ಲಿ ದಪ್ಪ. ಹಾಗಾಗಿ ಕ್ಲ್ಯಾಂಪ್ ಬುಡದ ತನಕ ಇಳಿಯಬೇಕು. ತುದಿಯಲ್ಲಿ ಕೂತರೆ ಎಷ್ಟು ಬಿಗಿ ಮಾಡಿದರೂ ಮತ್ತೆ ಸಡಿಲವಾಗುತ್ತದೆ. ಸುತ್ತಿಗೆಯಿಂದ ಹೊಡೆದು ಇಳಿಸಬೇಡಿ, ಸೀಸ ಮೆತ್ತಗಿನ ಲೋಹ, ಕಂಬದ ಬುಡ ಬಿರಿದು ಆಸಿಡ್ ಜಿನುಗುತ್ತದೆ. ಬಿಗಿ ಮಾಡಿದ ಮೇಲೆ ಕೈಯಿಂದ ಜೋರಾಗಿ ತಿರುಗಿಸಿ ನೋಡಿ. ಕೂದಲೆಳೆಯಷ್ಟೂ ಅಲುಗಬಾರದು. ಕೊನೆಗೆ ಮೇಲಿಂದ ವ್ಯಾಸಲೀನ್ ಸವರಿ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಸಣ್ಣ ಕಾರುಗಳ 38ಬಿ20ಎಲ್ ತರಹದ ಬ್ಯಾಟರಿಯ ಕಂಬ ತೆಳ್ಳಗಿರುತ್ತದೆ, ಡಿನ್ (ಯುರೋಪಿನ ಅಳತೆಯ) ಬ್ಯಾಟರಿಯದು ದಪ್ಪ. ದಪ್ಪ ಕ್ಲ್ಯಾಂಪಿನ ಕಾರಿಗೆ ತೆಳ್ಳನೆಯ ಕಂಬದ ಬ್ಯಾಟರಿ ಕೂರಿಸಿ, ಸಂದಿಗೆ ತಗಡಿನ ಚೂರು, ಮೊಳೆ ತುರುಕಿ ಕಳಿಸುವವರಿದ್ದಾರೆ. ಅದು ಒಂದು ವಾರ ನಡೆದೀತು. ಒಪ್ಪಬೇಡಿ, ಸರಿಯಾದ ಬ್ಯಾಟರಿಯನ್ನೇ ಕೇಳಿ. 38ಬಿ20ಎಲ್ ಥರದ ನಂಬರಿನ ಕೊನೆಯ ಅಕ್ಷರವನ್ನೂ ನೋಡಿ. ಎಲ್, ಆರ್ ಅಂದರೆ ಪ್ಲಸ್ ಯಾವ ಕಡೆ ಎಂದು. ತಪ್ಪಾದದ್ದು ತಂದರೆ ವೈರನ್ನು ಎಳೆದು ಎಳೆದು ಮುಟ್ಟಿಸಬೇಕಾಗುತ್ತದೆ.

ಮೈನಸ್ ಕ್ಲ್ಯಾಂಪಿಗೆ ಅಂಟಿಕೊಂಡಂತೆ ಒಂದು ಪುಟ್ಟ ಕಪ್ಪು ಡಬ್ಬಿ, ಅದಕ್ಕೊಂದು ತೆಳು ವೈರ್ ಇದೆಯೇ? ಅದು ಬ್ಯಾಟರಿ ಸೆನ್ಸರ್. ಸ್ಕ್ರೂಡ್ರೈವರ್ ತೂರಿಸಿ ಮೀಟುವವರು ಇದನ್ನೇ ಮುರಿಯುತ್ತಾರೆ, ಇಲ್ಲವೇ ಪ್ಲಗ್ ಹಾಕಲು ಮರೆಯುತ್ತಾರೆ.

ವೋಲ್ಟೇಜ್ ಅಳೆಯಿರಿ

ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಬಂದರೆ ಬ್ಯಾಟರಿ ತುಂಬಿದೆ. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ. ಹೊಸದೆಂದು ಕೊಟ್ಟದ್ದು ಅಂಗಡಿಯಲ್ಲೇ ತಿಂಗಳುಗಟ್ಟಲೆ ಕೂತಿರಬಹುದು.

ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಈಚಿನ ಕೆಲವು ಕಾರುಗಳಲ್ಲಿ ಅದು ಏರಿಳಿಯುತ್ತದೆ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ. 13 ಕೂಡ ಮುಟ್ಟದೆ ಕೆಂಪು ಲೈಟ್ ಉರಿಯುತ್ತಿದ್ದರೆ ಬೆಲ್ಟ್, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ), ಮುಖ್ಯ ಫ್ಯೂಸ್ ನೋಡಬೇಕು. ಪ್ಲಸ್-ಮೈನಸ್ ಒಂದು ಕ್ಷಣ ಅದಲುಬದಲಾದರೂ ಆ ಫ್ಯೂಸ್ ಹಾರಬಹುದು.

ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು, 'ನೋಡಿ ಸಾರ್, ಆಫ್ ಆಗಲಿಲ್ಲ, ಆಲ್ಟರ್ನೇಟರ್ ಸರಿಯಿದೆ' ಎನ್ನುವ ಮೆಕ್ಯಾನಿಕ್‌ನ ಕೈ ತಡೆಯಿರಿ. ಹಳೆಯ ಕಾರುಗಳಿಗೆ ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಆಗ ಏಳುವ ವೋಲ್ಟೇಜ್ ಎಂಜಿನ್ ಕಂಪ್ಯೂಟರನ್ನೇ ಸುಡಬಲ್ಲದು.

ಕಾರಿಗೆ ಮತ್ತೆ ನೆನಪು ಮಾಡಿಸಿ

ಬ್ಯಾಟರಿ ಬಿಚ್ಚಿ ಕರೆಂಟ್ ಹೋದಾಗ ಕೆಲವು ಕಾರುಗಳಿಗೆ ಸ್ಟೀರಿಂಗಿನ ನಡುಬಿಂದು ಮರೆತುಹೋಗುತ್ತದೆ. ಎಂಜಿನ್ ಆನ್ ಮಾಡಿ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೆಟ್ಟಗೆ ತನ್ನಿ. ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ನೇರವಾಗಿ ಓಡಿಸಿ. ಸ್ಟೀರಿಂಗ್, ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಲೈಟ್ ಬಹಳ ಸಲ ಇಷ್ಟಕ್ಕೇ ಆರುತ್ತದೆ. ಕಿಟಕಿಯ ಆಟೊ ಸ್ವಿಚ್, ಗಡಿಯಾರಕ್ಕೆ ಕಾರಿನ ಪುಸ್ತಕ ನೋಡಿ.

ಇನ್ನೂ ಉರಿದರೆ ಸ್ಕ್ಯಾನರ್

ಸ್ಕ್ಯಾನರ್ ಅಂದರೆ ಕಾರು ಬರೆದಿಟ್ಟುಕೊಂಡ ದೋಷದ ಕೋಡ್ ಓದುವ ಉಪಕರಣ. ಕೋಡ್ ಓದಿ, ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಅಳಿಸಿ. ಬರೆಯದೆ ಅಳಿಸಿದರೆ ಸುಳಿವೇ ಹೋಯಿತು. ಪಿ0562 ಬಂದರೆ ವೋಲ್ಟೇಜ್ ಕಡಿಮೆಯಾಗಿತ್ತು ಎಂದರ್ಥ. 'ಯು'ನಿಂದ ಶುರುವಾಗುವ ಕೋಡ್ ಎಂದರೆ ಡಬ್ಬಿಗಳ ನಡುವೆ ಮಾತು ಕಡಿದಿತ್ತು ಎಂದು. ಕಾರಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಕೋಡ್ ನೋಡುವ ಅಗ್ಗದ ಬ್ಲೂಟೂತ್ ಡಾಂಗಲ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಓದುವುದಿಲ್ಲ. ಅದನ್ನು ಸುಮ್ನೆ ಸಿಕ್ಕಿಸಿಯೇ ಬಿಟ್ಟರೆ ಬ್ಯಾಟರಿಯನ್ನೂ ಹೀರುತ್ತದೆ. ಆ ದುಡ್ಡಿಗೆ ಮಲ್ಟಿಮೀಟರ್ ತೆಗೆದುಕೊಳ್ಳಿ.

ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ ಮತ್ತೆ ಆನ್ ಆಗುವುದು) ಇರುವ ಕಾರಿಗೆ ಪದೇ ಪದೇ ಸ್ಟಾರ್ಟ್ ತಡೆದುಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು. ಬಿಎಂಡಬ್ಲ್ಯೂ, ಆಡಿಯಂಥ ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಲ್ಲಿ ನೋಂದಾಯಿಸಬೇಕು.

ಅಳಿಸಿದ ಕೋಡ್ ಎರಡು-ಮೂರು ಓಡಾಟದಲ್ಲಿ ಮರಳಿ ಬಂದರೆ ನಿಜವಾದ ದೋಷವಿದೆ. ಕೋಡ್ ಚೀಟಿ, ವೋಲ್ಟೇಜ್ ಅಂಕಿ ಎರಡನ್ನೂ ಮೆಕ್ಯಾನಿಕ್ ಕೈಗೆ ಕೊಡಿ. ಸೆನ್ಸರ್ ಬದಲಿಸುವ ಮೊದಲು ಅದರ ವೈರ್, ಪ್ಲಗ್ ನಿಮ್ಮ ಎದುರೇ ನೋಡಲು ಹೇಳಿ.