ಮಕಾಡೆ ಮಲಗಿಸಿ ಆಕ್ಸಿಜನ್ ಉಳಿಸಿದ್ದು

ನಮ್ಮ ತುಮಕೂರು ಕಡೆ ಏನಾದರೂ ಕೆಟ್ಟು ಕೂತರೆ ‘ಮಕಾಡೆ ಮಲಗ್ತು’ ಅನ್ನುತ್ತಾರೆ. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಉಸಿರಿಗೆ ಒದ್ದಾಡುತ್ತಿದ್ದವರನ್ನು, ಆಕ್ಸಿಜನ್ ಏರಲಿ ಅಂತ ನಿಜವಾಗಲೂ ಮಕಾಡೆ, ಅಂದರೆ ಬೋರಲಾಗಿ, ಮಲಗಿಸಲು ಹೊರಟಾಗ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನಗದವರೇ ಇಲ್ಲ. “ವೆಂಟಿಲೇಟರ್ ಹಾಕಿದವರಿಗೆ ಸರಿ ಸಿಸ್ಟರ್, ಎಚ್ಚರ ಇರೋರು ಮಲಗ್ತಾರಾ?” ಅಂದರು ಡ್ಯೂಟಿ ಡಾಕ್ಟರು.

ಮೊದಲ ದಿನ ಯಾರೂ ಸರಿಯಾಗಿ ಮಲಗಲಿಲ್ಲ, ನಿಜ. ಒಬ್ಬರನ್ನು ಊಟವಾದ ಹತ್ತೇ ನಿಮಿಷಕ್ಕೆ ತಿರುಗಿಸಿಬಿಟ್ಟೆ, ಪೂರ್ತಿ ವಾಂತಿ. ಇನ್ನೊಬ್ಬರ ಎದೆ ಕೆಳಗೆ ಆಕ್ಸಿಜನ್ ಟ್ಯೂಬ್ ಮಡಚಿಕೊಂಡು ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್, ಶೇಕಡಾ ಲೆಕ್ಕದಲ್ಲಿ) 71ಕ್ಕೆ ಇಳಿಯಿತು, ನನ್ನ ಕೈಕಾಲೇ ತಣ್ಣಗಾದವು. ಆಮೇಲೆ ಊಟಕ್ಕೂ ಮಲಗುವುದಕ್ಕೂ ನಡುವೆ ಒಂದು ಗಂಟೆ ಬಿಟ್ಟೆವು, ಟ್ಯೂಬನ್ನು ತಲೆ ಕಡೆಯಿಂದಲೇ ತಂದೆವು.

ಅಸಲಿ ತಲೆನೋವು ದಿಂಬಿನದು. ಒಬ್ಬರಿಗೆ ನಾಲ್ಕೈದು ಬೇಕು. ಕೈಯಿಂದ ಸುಮಾರು ಎರಡೂವರೆ ಸಾವಿರ ಹಾಕಿ ಫೋಮ್ ದಿಂಬು ತಂದೆ, ವಾರಕ್ಕೇ ಚಪಾತಿಯಾದವು. ಆ ಬಿಲ್ ಇವತ್ತಿಗೂ ಪಾಸಾಗಿಲ್ಲ, ಬಿಡಿ. ಕೊನೆಗೆ ಆಶಾ ಅಕ್ಕಂದಿರು ಕೊಟ್ಟ ಹಳೇ ಸೀರೆಗಳನ್ನು ಅಕ್ಕಿ ಚೀಲಕ್ಕೆ ತುಂಬಿ ಹೊಲಿದೆವು. ಅಂಗಡಿ ದಿಂಬಿಗಿಂತ ಗಟ್ಟಿ! ಹೊಟ್ಟೆ ಇರುವವರಿಗೆ ಅದು ಒತ್ತದ ಹಾಗೆ ಜೋಡಿಸಲು ಒಂದು ಉಪಾಯವಿದೆ, ಅದನ್ನು ಬರೆದು ತಿಳಿಸಲು ಆಗುವುದಿಲ್ಲ, ನಮ್ಮ ವಾರ್ಡಿಗೆ ಬಂದರೆ ತೋರಿಸುತ್ತೇನೆ.

ಮೊದಲು ಗೆದ್ದಿದ್ದು ಒಬ್ಬ ಎಲೆಅಡಿಕೆ ಅಜ್ಜನ ಹತ್ತಿರ. ಎನ್‌ಆರ್‌ಬಿಎಂ ಅನ್ನುವ ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹೋಗುತ್ತಿದ್ದರೂ ಸ್ಯಾಚುರೇಷನ್ 86 ದಾಟುತ್ತಿರಲಿಲ್ಲ. “ಕುತ್ತಿಗೆ ಹಿಡ್ಕೊಂತು ಕಣವ್ವ” ಅಂತ ಬೈಯುತ್ತಲೇ ಇಪ್ಪತ್ತು ನಿಮಿಷ ಮಲಗಿದರು, 93 ಬಂತು. ಎರಡು ದಿನದಲ್ಲಿ 6 ಲೀಟರಿಗೆ ಇಳಿಸಿದೆವು. ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಅಲ್ವಾ, 15ರಲ್ಲಿ ಎಂಟು ಗಂಟೆಯೂ ಬಾರದ್ದು 6ರಲ್ಲಿ ಹತ್ತೊಂಬತ್ತು ಗಂಟೆ ಬಂತು. ರೀಫಿಲ್ಲಿಗೆ ಹೋದ ಗಾಡಿ ಯಾವಾಗ ಬರುತ್ತದೋ ಅಂತ ಗೇಟು ನೋಡುತ್ತಿದ್ದ ದಿನಗಳವು. ಮರುದಿನದಿಂದ ನಕ್ಕ ಡಾಕ್ಟರೇ ರೌಂಡ್ಸಿನಲ್ಲಿ “ತಿರುಗಿ, ತಿರುಗಿ” ಅನ್ನತೊಡಗಿದರು.

ಸ್ಯಾಚುರೇಷನ್ 92–94 ಸಾಕು ಅಂದರೆ ಮನೆಯವರು ಕೇಳುವುದಿಲ್ಲ. ನಾವು ಆಚೆ ಹೋದ ಕೂಡಲೇ ಆಕ್ಸಿಜನ್ ನಾಬ್ ತಿರುಗಿಸಿ 99 ಮಾಡಿಕೊಳ್ಳುತ್ತಿದ್ದರು. ಆ ನಾಬ್ ಇರುವ ಫ್ಲೋಮೀಟರಿಗೆ ಪ್ಲಾಸ್ಟರ್ ಸುತ್ತಿ ಅದರ ಮೇಲೆ ನನ್ನ ಸಹಿ ಹಾಕಿದೆ, ನಿಂತಿತು.

ನಡುವೆ ಒಂದು ಕಾನ್ಸಂಟ್ರೇಟರಿಗೆ (ಗಾಳಿಯಿಂದ ಆಕ್ಸಿಜನ್ ತೆಗೆಯುವ ಮಷೀನು) ಟ್ಯೂಬನ್ನು ಎರಡಾಗಿ ಕವಲೊಡೆಸುವ ವೈ ಕನೆಕ್ಟರ್ ಹಾಕಿ ಇಬ್ಬರಿಗೆ ಕೊಟ್ಟು ನೋಡಿದೆವು. ಒಬ್ಬರಿಗೆ ಜಾಸ್ತಿ, ಇನ್ನೊಬ್ಬರಿಗೆ ಹೆಸರಿಗಷ್ಟೇ. ಅರ್ಧ ಗಂಟೆಗೇ ಕಿತ್ತುಹಾಕಿದೆವು.

ಹೇಳದಿದ್ದರೆ ತಪ್ಪಾಗುತ್ತದೆ, ಒಬ್ಬರನ್ನು ಕಳೆದುಕೊಂಡೆವು. ನಲವತ್ತರ ಆಸುಪಾಸು. ಮಕಾಡೆ ಮಲಗಿದಾಗ 92 ತೋರಿಸುತ್ತಿತ್ತು, ಫೋನಿನಲ್ಲೂ ಮಾತಾಡುತ್ತಿದ್ದರು. ಆದರೆ ಎರಡು ಪದಕ್ಕೊಮ್ಮೆ ನಿಲ್ಲಿಸಿ ಉಸಿರು ಎಳೆಯುತ್ತಿದ್ದರು. ನಾವು ಸ್ಯಾಚುರೇಷನ್ ಮೀಟರ್ ನೋಡಿ ಸಮಾಧಾನಪಟ್ಟೆವು. ಉಸಿರು ಎಣಿಸಿದ್ದು ರಾತ್ರಿ, ನಿಮಿಷಕ್ಕೆ 38. ಜಿಲ್ಲಾಸ್ಪತ್ರೆಗೆ ಕಳಿಸುವಷ್ಟರಲ್ಲಿ ತಡವಾಗಿತ್ತು. ಅವತ್ತಿನಿಂದ ಪೂರ್ತಿ ಒಂದು ನಿಮಿಷ ಎಣಿಸುತ್ತೇವೆ. 30 ಮುಟ್ಟಿದರೆ ಮೀಟರ್ ಏನೇ ತೋರಿಸಲಿ, ಡಾಕ್ಟರನ್ನು ಎಬ್ಬಿಸಿ 108ಕ್ಕೆ ಫೋನ್ ಮಾಡುವುದೇ.