ಕೊಲೊನೊಸ್ಕೋಪಿ ಹೊತ್ತಲ್ಲಿ ಗ್ಯಾಸ್ ಎಳೆದುಕೊಳ್ಳುವುದು ಹೇಗೆ

ಬ್ರಿಟನ್‌ನಲ್ಲಿ ಕೊಲೊನೊಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ, ಹೋದರೆ ಎಷ್ಟೋ ಕಡೆ ನರ್ಸ್ ಕೇಳುತ್ತಾರೆ, ಮಂಪರಿನ ಇಂಜೆಕ್ಷನ್ ಬೇಕಾ, ಗ್ಯಾಸ್ ಸಾಕಾ ಅಂತ. ಗ್ಯಾಸ್ ಅಂದರೆ ಎಂಟೊನಾಕ್ಸ್. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಹೆರಿಗೆ ನೋವಿಗೆ ಕೊಡುವುದೂ ಇದನ್ನೇ. ಎಷ್ಟು ಬೇಕು, ಯಾವಾಗ ಬೇಕು ಅನ್ನೋದು ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ.

ಮೊದಲೇ ಹೇಳಬೇಕಾದ್ದನ್ನು ಹೇಳಿಬಿಡಿ. ಶ್ವಾಸಕೋಶ ಕುಸಿದಿತ್ತಾ, ಕಣ್ಣಿನೊಳಗೆ ಗ್ಯಾಸ್ ತುಂಬಿ ಆಪರೇಷನ್ ಮಾಡಿದ್ದರಾ, ಇತ್ತೀಚೆಗೆ ಸ್ಕೂಬಾ ಡೈವಿಂಗ್ ಮಾಡಿದ್ದೀರಾ, ವಿಟಮಿನ್ ಬಿ12 ಕಡಿಮೆ ಇದೆಯಾ? ಸಣ್ಣ ವಿಷಯ ಅಂತ ಬಿಡಬೇಡಿ. ದೇಹದೊಳಗೆ ಎಲ್ಲಾದರೂ ಗಾಳಿ ಸಿಕ್ಕಿಕೊಂಡಿದ್ದರೆ ಈ ಗ್ಯಾಸ್ ಅಲ್ಲಿಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ.

ಗ್ಯಾಸ್ ಬರುವ ಪೈಪಿನ ತುದಿಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ಉಸಿರು ಎಳೆದುಕೊಳ್ಳಿ. ಎಳೆದಾಗ ವಾಲ್ವ್ ತೆರೆದುಕೊಂಡು ಸುಯ್ ಅನ್ನುವ ಸದ್ದು ಬರಬೇಕು. ಬರದಿದ್ದರೆ ತುಟಿ ಪಕ್ಕದಿಂದ ಗಾಳಿ ಸೋರುತ್ತಿದೆ ಅಂತ ಅರ್ಥ. ಉಸಿರು ಬಿಡುವಾಗಲೂ ಪೈಪಿನೊಳಗೇ ಬಿಡಿ. ನಿಧಾನವಾಗಿ, ಉದ್ದಕ್ಕೆ. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ಬೆರಳು ಜುಮ್ ಅನ್ನುತ್ತೆ, ತಲೆ ಸುತ್ತುತ್ತೆ, ಅಷ್ಟೇ.

ನಾನು ತಪ್ಪಿದ್ದು ಸಮಯದಲ್ಲಿ. ಇದು ಹಿಡಿಯೋಕೆ ಸುಮಾರು ಅರ್ಧ ನಿಮಿಷ ಬೇಕು. ನಾನು ಸುಮ್ನೆ ಕೈಯಲ್ಲಿ ಹಿಡಿದುಕೊಂಡು, ನೋವು ಬಂದ ಮೇಲೆ ಎಳೆದರಾಯಿತು ಅಂದುಕೊಂಡಿದ್ದೆ. ಸ್ಕೋಪ್ ಕರುಳಿನ ಎಡಗಡೆಯ ಮೊದಲ ತಿರುವಿಗೆ ಬಂದಾಗ ಹೊಟ್ಟೆ ಹಿಂಡಿದ ಹಾಗಾಯಿತು, ಆಗ ಎಳೆಯೋಕೆ ಶುರು ಮಾಡಿದೆ, ಅದು ತಲೆಗೆ ಹತ್ತುವ ಹೊತ್ತಿಗೆ ಆ ತಿರುವೇ ಮುಗಿದಿತ್ತು. ಮುಂದಿನ ತಿರುವಿಗೆ ಮುಂಚೆ ನರ್ಸ್ ಭುಜ ತಟ್ಟಿ "ಈಗ ಶುರು ಮಾಡಿ" ಅಂದರು. ನಾಲ್ಕೈದು ಉಸಿರು ಎಳೆದುಕೊಂಡೆ. ಕೈಕಾಲು ಹಗುರಾಯಿತು, ಒತ್ತುತ್ತಿರುವುದು ಗೊತ್ತಾಗುತ್ತಿತ್ತು, ಆದರೆ ಆ ಹಿಂಡು ಇರಲಿಲ್ಲ. ಹಾಗಾಗಿ ತಿರುವು ಬರುವ ಮುಂಚೆಯೇ ಹೇಳಿ ಅಂತ ಮೊದಲೇ ಕೇಳಿಕೊಂಡಿರಿ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಪೈಪನ್ನು ನೀವೇ ಹಿಡಿಯಬೇಕು, ಬೇರೆ ಯಾರೂ ಹಿಡಿಯಬಾರದು. ಮಂಪರು ಜಾಸ್ತಿ ಆದರೆ ಕೈ ತಾನಾಗಿ ಸಡಿಲವಾಗುತ್ತದೆ, ಪೈಪ್ ಬಾಯಿಂದ ಜಾರುತ್ತದೆ, ಗ್ಯಾಸ್ ನಿಲ್ಲುತ್ತದೆ. ಇದರ ಸುರಕ್ಷತೆ ಇರುವುದೇ ಅಲ್ಲಿ. ಹೆರಿಗೆ ಕೋಣೆಯಲ್ಲಿ ಅಮ್ಮನೋ ಗಂಡನೋ ಪ್ರೀತಿಯಿಂದ ಬಾಯಿಗೆ ಒತ್ತಿ ಹಿಡಿದರೆ ಆ ಕಾವಲೇ ಹೋಯಿತು, ಅಲ್ವಾ?

ಗ್ಯಾಸ್ ಸಾಲದಿದ್ದರೆ ಹಲ್ಲು ಕಚ್ಚಿಕೊಂಡು ಇರಬೇಡಿ. "ನಿಲ್ಲಿಸಿ" ಅನ್ನಿ, ನಿಲ್ಲಿಸುತ್ತಾರೆ. ಇಂಜೆಕ್ಷನ್ ಆಮೇಲೂ ಕೇಳಬಹುದು, ಆದರೆ ಅದನ್ನು ತಗೊಂಡರೆ 24 ಗಂಟೆ ಕಾರು ಓಡಿಸುವಂತಿಲ್ಲ, ಮನೆಗೆ ಕರೆದುಕೊಂಡು ಹೋಗೋಕೆ ಒಬ್ಬರು ಬರಬೇಕು. ಬರೀ ಗ್ಯಾಸ್ ಆದರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ಕೂರಿಸಿ ಕಳಿಸುತ್ತಾರೆ. ಓದೋಕೆ ಬಂದು ಒಂಟಿಯಾಗಿ ರೂಮಿನಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಇದೊಂದೇ ದೊಡ್ಡ ಅನುಕೂಲ.